ಮೂವರ ಫೋಟೋದಲ್ಲಿ ನಾಲ್ಕನೆಯ ಕೈ

ಯಾವುದನ್ನೇ ಆಗಲಿ, ಫೋಟೋ ತೆಗೆಯುವ ಮೊದಲು ಅದು ಯಾವುದಕ್ಕೆ ಹೆದರುತ್ತದೆ ಎಂದು ನಾನು ನೋಡುತ್ತೇನೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮರಾಠಿ ನಾಡಿನ ಈ ದೊಡ್ಡ ಊರಿನ ಬಿಬವೇವಾಡಿ ಬಡಾವಣೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಾನು. ಗಿರಣಿ ಶುರುವಾದರೆ ನನ್ನ ಕ್ಯಾಮೆರಾದ ಕಾಲು ನಡುಗುತ್ತದೆ. ಹೀಗಾಗಿ ಗಿರಣಿ ನಿಂತಾಗ ಮಾತ್ರ ಕೆಲಸ, ಉಳಿದ ಹೊತ್ತು ಎದುರಿಗಿರುವ ವಸ್ತುವನ್ನು ಸುಮ್ಮನೆ ನೋಡುತ್ತ ಕೂರುವುದು. ಹಾಗೆ ಕೂತು ಕೂತು ಈ ಬುದ್ಧಿ ಬಂತು.

ಕರಾವಳಿಯ ಕುಟುಂಬವೊಂದು ತಮ್ಮ ಹೋಟೆಲಿನ ಮೆನುಗೆ ದೋಸೆಯ ಫೋಟೋ ಕೇಳಿತ್ತು. ದೋಸೆ ಹೆದರುವುದು ತನ್ನದೇ ಬಿಸಿಗೆ. ತಟ್ಟೆಗೆ ಬಿದ್ದ ಕೂಡಲೇ ಕೆಳಗೆ ಬೆವರಿ ಮೆತ್ತಗಾಗುತ್ತದೆ. ಅದಕ್ಕೇ ನಾನು ತಟ್ಟೆಯನ್ನು ದೂರವಿಟ್ಟು, ಸಟ್ಟುಗ ಅದರ ಅಂಚಿನಡಿ ನುಗ್ಗುವ ಹೊತ್ತಿಗೆ ಕಾವಲಿಯ ಮೇಲೇ ತೆಗೆದೆ. ಮಗರಪಟ್ಟಾದ ಹೊಸ ಫ್ಲ್ಯಾಟೊಂದನ್ನು ಬಾಡಿಗೆಗೆ ಕೊಡುವವರಿದ್ದರು. ಆ ಫ್ಲ್ಯಾಟು ಮನುಷ್ಯರಿಗೇ ಹೆದರಿಕೊಂಡಂತಿತ್ತು, ಅಷ್ಟು ಸ್ವಚ್ಛ. ಬಚ್ಚಲಿನಿಂದ ಬಾಲ್ಕನಿಯವರೆಗೆ ಒದ್ದೆ ಹೆಜ್ಜೆ ಮೂಡಿಸಿ ತೆಗೆದೆ. ನೆಲ ಒರೆಸುವುದಕ್ಕೂ ಆಗಲಿಲ್ಲವೇ ಎಂದು ಮಾಲೀಕರು ರೇಗಿದರು. ನಾನೂ ರೇಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆ ಬಾಡಿಗೆಗೆ ಹೋದ ಮೇಲೆ ಅವರು ಸುಮ್ಮನಾದರು.

ಮನುಷ್ಯರದ್ದೇ ಕಷ್ಟ. ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಲೆ ಹಲ್ಲು ಕಿರಿಯುತ್ತಾರೆ. ಅದನ್ನು ಹೊರಗೆ ತರಿಸಬಾರದು, ಆದರೆ ಎಲ್ಲಿದೆ ಎಂದು ತಿಳಿದಿರಬೇಕು. ಇಷ್ಟು ವರ್ಷ ಈ ಒಂದು ಉಪಾಯದ ಮೇಲೆಯೇ ನಾನು ಹೊಟ್ಟೆ ಹೊರೆದಿದ್ದೇನೆ. ಸೀರೆ ಅಂಗಡಿಯ ಕಾಕುವಿನ ವಿಷಯದಲ್ಲಿ ಮಾತ್ರ ಅದು ಕೈಕೊಟ್ಟಿತು.

ಕಾಕು, ಎಂದರೆ ಬೀದಿಗೆಲ್ಲ ಚಿಕ್ಕಮ್ಮ, ಬಾಗಲಕೋಟೆ ಕಡೆಯವರು. ಗಂಡ ತೀರಿದ ಮೇಲೂ ಅಂಗಡಿಯ ಬಿಳಿ ಗಾದಿಯ ಮೇಲೆ ಒಬ್ಬರೇ ಕೂತು ವ್ಯಾಪಾರ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದವರು. ಹಿರಿಯವಳು ಈಗ ಅಂಗಡಿಯಲ್ಲಿ ಜೊತೆಗಿದ್ದಾಳೆ. ಕಿರಿಯವಳು ಕಚೇರಿ ಕೆಲಸಕ್ಕೆ ಹೋಗುತ್ತಾಳೆ. ನಡುವಿನವಳನ್ನು ಘಾಟಿನಾಚೆಯ ಭೋರ್‌ನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಕಡೆಯವರದೇ ಮನೆಗೆ ಕೊಟ್ಟಿದ್ದಾರೆ. ಅವರ ಸೀರೆಗಳ ಫೋಟೋ ತೆಗೆಯುವುದು ನಾನೇ. ಸೀರೆ ಮಡಿಕೆಗೆ ಹೆದರುತ್ತದೆ, ಜರಿ ಮೊದಲು ಮುರಿಯುವುದು ಅಲ್ಲಿಯೇ. ಅದಕ್ಕಾಗಿ ಅಂಗಡಿಯ ಅಟ್ಟ ಹತ್ತಿ, ಕೆಳಗೆ ಗಾದಿಯ ಮೇಲೆ ಸೀರೆ ಬಿಚ್ಚಿಕೊಳ್ಳುವುದನ್ನು ಮೇಲಿನಿಂದ ತೆಗೆಯುತ್ತೇನೆ. ಕಾಕುವಿಗೆ ಅದು ಬಲು ಇಷ್ಟ.

ಒಂದು ಚಳಿಗಾಲದ ಮಧ್ಯಾಹ್ನ ನಡುವಿನವಳು ನನ್ನ ಸ್ಟುಡಿಯೋಗೆ ಬಂದಳು. ಭೋರ್‌ನಿಂದ ಯಾವಾಗ ಬಂದೆ ಎಂದು ನಾನು ಕೇಳುವುದರೊಳಗೆ ಸ್ಟೂಲಿನ ಮೇಲೆ ಕೂತಳು.

"ಅಕ್ಕಾರ, ನಮ್ಮ ಅಕ್ಕ-ತಂಗೇರದು ಒಂದ್ ಫೋಟೋ ತಗೀಬೇಕ್ರಿ. ಮೂರ ಮಂದೀದು. ಮತ್ತ್ಯಾರೂ ಇರಬಾರದು."

"ಅದಕ್ಕೇನು, ಬರ್ರಿ."

"ಅವ್ವ ಬ್ಯಾಡ ಅಂತಾಳ್ರಿ." ಕಿವಿಯ ಹಿಂದೆ ಕೂದಲೊಳಗೆ ಬೆರಳಿಟ್ಟಳು. "ಇಲ್ಲೆ ಒಳಗ ಗಡ್ಡಿ ಆಗ್ಯಾದ. ಮುಂದಿನ ವಾರ ಆಪರೇಷನ್. ಡಾಕ್ಟರ್ ಹೂಂ ಅನ್ನಂಗಿಲ್ಲ, ಉಹೂಂ ಅನ್ನಂಗಿಲ್ಲ. ಕೂದಲಾ ಎಲ್ಲಾ ಹೋಗ್ತಾವಂತ. ಕೂದಲಷ್ಟ ಹೋದ್ರ ಪುಣ್ಯಾ."

ಕೆಳಗೆ ಗಿರಣಿ ಶುರುವಾಯಿತು. ನನ್ನ ಸೊಂಟದಷ್ಟೆತ್ತರ ಇದ್ದಾಗಿನಿಂದ ನೋಡಿದ ಹುಡುಗಿ. ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಲೆನ್ಸ್ ಒರೆಸತೊಡಗಿದೆ.

ಕಾಕು ಬೇಡವೆನ್ನುವುದು ಯಾಕೆಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮ ಕಡೆಯ ಹಳೆಯ ಮಂದಿ ಮೂವರನ್ನು ಸೇರಿಸಿ ಫೋಟೋ ತೆಗೆಸುವುದಿಲ್ಲ. ತೆಗೆಸಿದರೆ ನಡುವೆ ನಿಂತವರು ಉಳಿಯುವುದಿಲ್ಲ ಎಂಬ ನಂಬಿಕೆ. ಮೂವರು ಬಂದು ನಿಂತರೆ ನಾನೇ ಎಷ್ಟೋ ಸಲ ಪಕ್ಕಕ್ಕೊಂದು ಹೂಕುಂಡ ಸರಿಸಿ, "ನಾಲ್ಕಾತು ನೋಡ್ರಿ" ಎಂದು ಚೇಷ್ಟೆ ಮಾಡಿ ನಗಿಸಿದ್ದೇನೆ. ಕಾಕುವಿನ ಮನೆಯ ಆಲ್ಬಮ್ ತುಂಬ ಇಂಥವೇ. ಮೂವರು ಹುಡುಗಿಯರು ಮತ್ತು ಪಕ್ಕದ ಮನೆಯ ಕೂಸು. ಮೂವರು ಹುಡುಗಿಯರು ಮತ್ತು ಹಿತ್ತಾಳೆಯ ಕೊಡ. ಒಂದರಲ್ಲಿ ಏನೂ ಸಿಗದೆ ಬೀದಿಯ ನಾಯಿಯನ್ನು ಹಿಡಿದು ತಂದಿದ್ದಾರೆ. ಪ್ರತಿಯೊಂದರಲ್ಲೂ ನಡುವಿನವಳು ನಡುವೆಯೇ ಇದ್ದಾಳೆ.

"ಹುಟ್ಟಿದಾಗಿಂದ ನಮ್ಮ ಮೂರ ಮಂದೀದು ಒಂದೂ ಇಲ್ರಿ. ದವಾಖಾನಿಗೆ ಅದೊಂದು ತಗೊಂಡು ಹೋಗಬೇಕು ಅನಸೇದ," ಎಂದಳು.

ಅದೇ ಸಂಜೆ ಅಂಗಡಿಗೆ ಹೋದೆ. ಕಾಕು ಸೀರೆ ಮಡಚುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ನೀವ್ ಆ ಮಾತು ತಗೀಬ್ಯಾಡ್ರಿ," ಎಂದರು.

ನಾನು ತೆಗೆದೆ. ಈ ಕಾಲದಲ್ಲಿ, ಇಂಥ ಊರಿನಲ್ಲಿ ಕೂತು, ಮಗಳು ಆಸೆಪಟ್ಟು ಕೇಳಿದ್ದನ್ನು ಇಲ್ಲವೆನ್ನುತ್ತೀರಲ್ಲ ಎಂದು ಗಂಟಲು ಏರಿಸಿದೆ. ಕಾಕು ಮಡಚುವುದನ್ನು ನಿಲ್ಲಿಸಲಿಲ್ಲ. ನನ್ನ ಕೂಗಾಟ ಮುಗಿದ ಮೇಲೆ ಮೆಲ್ಲಗೆ ಮಾತಾಡಿದರು.

"ನಾವೂ ಮೂರ್ ಮಂದಿ ಇದ್ವಿ. ಊರಾಗ ಹೊಸದಾಗಿ ಸ್ಟುಡಿಯೋ ಬಂದಿತ್ತು. ನಡುವ ನಾ ನಿಂತಿದ್ದೆ. ಲೈಟು ಕಣ್ಣಿಗೆ ಬಡೀಲಿಕ್ಕತ್ತಂತ ನನ್ನ ತಂಗೀನ್ನ ಕರದೆ, ನೀ ಬಾ ಇಲ್ಲೆ, ಅಂತ. ಆಕಿ ಕುಣಕೋತ ಬಂದು ನನ್ನ ಜಾಗಾದಾಗ ನಿಂತ್ಲು. ಮಳಿಗಾಲ ಮುಗಿಯೂದ್ರಾಗ ಜ್ವರಾ ಬಂದು ಹೋದ್ಲು."

"ಫೋಟೋದಿಂದ ಜ್ವರ ಬರಂಗಿಲ್ಲ ಕಾಕೂ."

"ನನಗೂ ಗೊತ್ತದ. ಆದರ ನನಗ ಬರಲಿಲ್ಲಲ್ಲ?"

ಇಷ್ಟು ವರ್ಷ ಅವರ ಹೆದರಿಕೆಯನ್ನು ಬರೀ ಮೂಢನಂಬಿಕೆ ಎಂದುಕೊಂಡಿದ್ದೆ. ಅದಕ್ಕೊಂದು ಮುಖವಿದೆ, ಕುಣಿಯುತ್ತ ಬಂದ ಒಂದು ಹುಡುಗಿಯ ಮುಖ, ಎಂದು ಗೊತ್ತಿರಲಿಲ್ಲ.

ಮನೆಗೆ ಹೋಗಿ ಯೋಚಿಸಿದೆ. ಒಬ್ಬೊಬ್ಬರನ್ನೇ ತೆಗೆದು ಜೋಡಿಸಿದರೂ ಮೂವರೇ ಆಗುತ್ತಾರೆ. ಕನ್ನಡಿಯ ಮುಂದೆ ನಿಲ್ಲಿಸಿದರೆ ಆರು ಮಂದಿ ಕಾಣುತ್ತಾರೆ. ಕಾಕು ಅದನ್ನು ಎರಡು ಸಲ ಮೂರು ಎನ್ನುವವರೇ. ಸಾಲಿಗೆ ಎರಡು ತುದಿ ಇದ್ದರೆ ತಾನೇ ನಡುವೆ ಒಬ್ಬರು ಎಂಬುದು ಇರುವುದು ಎಂದು ಆಗ ಹೊಳೆಯಿತು. ಮರುದಿನ ಅಂಗಡಿಯಲ್ಲಿ ಚಹಾ ಬಂದಾಗ, ಖಾಲಿಯಾದ ಮೂರು ಗ್ಲಾಸುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗಿಸಿ ಗುಂಡಗೆ ಇಟ್ಟೆ.

"ಇದರಾಗ ನಡುವಿಂದು ಯಾವುದು, ಹೇಳ್ರಿ ನೋಡೋಣ?"

ಕಾಕು ತಟ್ಟೆಯನ್ನು ತಿರುಗಿಸಿದರು. ಮತ್ತೆ ತಿರುಗಿಸಿದರು. "ಯಾವುದೂ ಅಲ್ಲ," ಎಂದರು. ನನಗೆ ಹಿಗ್ಗೋ ಹಿಗ್ಗು. ಮೂವರನ್ನೂ ಗಾದಿಯ ಮೇಲೆ ತಲೆಗೆ ತಲೆ ತಾಗಿಸಿ, ಕಾಲು ಮೂರು ದಿಕ್ಕಿಗೆ ಚಾಚಿ ಮಲಗಿಸುತ್ತೇನೆ, ಅಟ್ಟದಿಂದ ತೆಗೆಯುತ್ತೇನೆ, ಯಾರೂ ನಡುವೆ ಇರುವುದಿಲ್ಲ ಎಂದೆ. ಕಾಕು ಗ್ಲಾಸುಗಳ ನಡುವೆ ಉಳಿದಿದ್ದ ಸಂದಿಗೆ ಬೆರಳು ಹಾಕಿದರು.

"ಇದೇನು ಮತ್ತ?"

"ಅದು ಬರೇ ಖಾಲಿ ಜಾಗಾರಿ."

"ಹೌದು," ಎಂದರು. "ಆತು. ತಗೀರಿ."

ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಎದ್ದೆ. ಕಾಕು ಇನ್ನೂ ಆ ಸಂದಿಯಲ್ಲಿ ಬೆರಳಿಟ್ಟುಕೊಂಡೇ ಕೂತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದುಕೊಳ್ಳುತ್ತವೆ. ಆಪರೇಷನ್ನಿಗೆ ಎರಡು ದಿನ ಮುಂಚೆ ಅಂಥ ಹೊತ್ತಿನಲ್ಲಿ ಮೂವರೂ ಸೀರೆ ಅಂಗಡಿಯಲ್ಲಿ ಸೇರಿದರು. ಶಟರ್ ಅರ್ಧ ಇಳಿಸಿದೆವು. ಬೀದಿಯ ಬಿಸಿಲು ನೆಲದ ಮಟ್ಟದಲ್ಲಿ ಮಾತ್ರ ಒಳಗೆ ಬರುತ್ತಿತ್ತು. ಮೂವರೂ ಕೂದಲು ಬಿಚ್ಚಿ ಬಿಳಿ ಗಾದಿಯ ಮೇಲೆ ಮಲಗಿದರು. ಮೂವರ ಕೂದಲೂ ಒಂದರೊಳಗೊಂದು ಹರಡಿ, ಯಾರದು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ನಾನು ಏಣಿ ಹತ್ತಿ ಅಟ್ಟದಲ್ಲಿ ಬೋರಲು ಮಲಗಿ ಕ್ಯಾಮೆರಾ ಕೆಳಗೆ ಚಾಚಿದೆ.

ಹಿರಿಯವಳಿಗೆ ಅತ್ತುಬಿಡುತ್ತೇನೇನೋ ಎಂಬ ಹೆದರಿಕೆ, ತುಟಿಯಲ್ಲಿ ಕಂಡಿತು. ಕಿರಿಯವಳು ನಡುವಿನವಳ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ನಡುವಿನವಳು ಮಾತ್ರ ನೇರ ನನ್ನ ಕಡೆ ನೋಡುತ್ತಿದ್ದಳು, ಆಕಾಶ ನೋಡುವವರ ಹಾಗೆ. ಅವಳ ಹೆದರಿಕೆ ಅಷ್ಟು ಬಯಲಾಗಿತ್ತು. ನಾನು ಹುಡುಕಬೇಕಾಗಿಯೇ ಇರಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಕಾಕುವಿನ ಮುಖದಲ್ಲಿ ಏನೂ ಕಾಣಲಿಲ್ಲ. ಹಬ್ಬದ ಅಡುಗೆ ಮುಗಿಸಿ ಕೂತವರಂತೆ ಇದ್ದರು.

"ಒಂದ್ ನಿಮಿಷ," ಎಂದು ಕಾಕು ಮುಂದಕ್ಕೆ ಬಾಗಿದರು. ಕೂದಲು ಸರಿಮಾಡುತ್ತಿದ್ದಾರೆ ಎಂದುಕೊಂಡೆ. ನನ್ನ ಕಣ್ಣು ಮುಖಗಳ ಮೇಲಿತ್ತು. ಅವನ್ನೇ ನೋಡುತ್ತ ಕ್ಯಾಮೆರಾದ ಗುಂಡಿ ಒತ್ತುತ್ತ ಹೋದೆ.

ಸಂಜೆ ಕಂಪ್ಯೂಟರಿನ ಪರದೆಯ ಮೇಲೆ ನೋಡಿದೆ. ಮೂರು ತಲೆಗಳ ನಡುವಿನ ಸಂದಿಯಲ್ಲಿ ಒಂದು ಕೈ ಇತ್ತು. ಅಂಗೈ ಮೇಲ್ಮುಖವಾಗಿ, ಮಣಿಕಟ್ಟಿನ ಹಳೆಯ ಹಚ್ಚೆ ಕಾಣುವಂತೆ, ಯಾರೋ ಏನನ್ನೋ ಇಡಲಿ ಎಂದು ಚಾಚಿಟ್ಟ ಕೈ. ಮುಂದಿನದರಲ್ಲೂ ಇತ್ತು. ಎಲ್ಲದರಲ್ಲೂ ಇತ್ತು.

ಫೋನ್ ಮಾಡಿದೆ.

"ಕಾಕೂ, ನಿಮ್ಮ ಕೈ ಬಂದದ."

"ಬರಲಿ. ನಾನ ಇಟ್ಟೇನಿ." ಹಿಂದೆ ಕುಕ್ಕರ್ ಕೂಗುತ್ತಿತ್ತು. "ನಡುವ ಯಾರರೆ ಇರಬೇಕು ಅಂದ್ರ ನಾ ಇರ್ತೀನಿ. ಆವತ್ತ ಇರಬೇಕಾಗಿತ್ತು, ಇರಲಿಲ್ಲ. ನೀವ್ ಮಕ್ಕಳಿಗೆ ಹೇಳಬ್ಯಾಡ್ರಿ."

ಹೇಳಲಿಲ್ಲ. ಅವ್ವ ಕೂದಲು ಸರಿಮಾಡುತ್ತಿದ್ದಳು ಎಂದೇ ಮಕ್ಕಳು ತಿಳಿದರು. ಅವ್ವನ ಕೈ ಸೇರಿಬಿಟ್ಟಿದೆ, ಮೂವರದಷ್ಟೇ ಆಗಲಿಲ್ಲ ಎಂದು ನಡುವಿನವಳು ಒಂದಿಷ್ಟು ಗೊಣಗಿದಳು. ಮತ್ತೆ ತೆಗೆಯಲು ಪುರುಸೊತ್ತಿರಲಿಲ್ಲ. ಅದನ್ನೇ ಚೀಲದಲ್ಲಿಟ್ಟುಕೊಂಡು ದವಾಖಾನೆಗೆ ಹೋದಳು.

ಆಪರೇಷನ್ ಸುಸೂತ್ರವಾಗಿ ಆಯಿತು. ಗಡ್ಡೆ ಪೂರ್ತಿ ಬಂದಿದೆ, ಅದು ಕೆಟ್ಟ ಗಡ್ಡೆಯೂ ಅಲ್ಲ ಎಂದರು. ಹಿರಿಯವಳು ಫೋನಿನಲ್ಲಿ ಅಳುತ್ತ ಹೇಳಿದಾಗ ನಾನು ಕೆಳಗಿಳಿದು ಗಿರಣಿಯವನಿಗೂ ಪೇಢೆ ಕೊಟ್ಟು ಬಂದೆ. ಅಷ್ಟು ಸಂತೋಷವಾಗಿತ್ತು.

ಕಾಕು ಅಂದಿನಿಂದಲೇ ಹೊರಡುವ ತಯಾರಿ ಶುರುಮಾಡಿದರು. ತಿಜೋರಿಯ ಕೀಲಿಯನ್ನು ಹಿರಿಯವಳ ಸೊಂಟಕ್ಕೆ ಸಿಕ್ಕಿಸಿದರು. ಸಂಕ್ರಾಂತಿಗೆ ಹೊಸ ಮಾಲು ತರಿಸಲಿಲ್ಲ. ಬೆಳ್ಳಿಯ ಆರತಿ ತಟ್ಟೆ ಕಿರಿಯವಳ ಮನೆ ಸೇರಿತು. ಕೇಳಿದವರಿಗೆ, ವಯಸ್ಸಾತಲ್ಲ, ಎನ್ನುವರು. ನಾನು ಹೋದರೆ ಮಾತ್ರ ನನ್ನ ಮುಖ ನೋಡಿ ಸಣ್ಣಗೆ ನಗುವರು. ಆ ನಗು ನನಗೆ ಬೇಡವಾಗಿತ್ತು. ಗುಟ್ಟಿನಲ್ಲಿ ಪಾಲು ಕೊಟ್ಟಂತಿತ್ತು ಅದು. ಅಂಗಡಿಯ ಮುಂದೆ ಹಾಯುವಾಗ ಗಾದಿಯ ಮೇಲೆ ಅವರು ಕೂತಿರುವುದು ಕಂಡರೆ, ಇವತ್ತೂ ಇದ್ದಾರೆ, ಎಂದು ನಿಟ್ಟುಸಿರು ಬಿಡುವುದು ನನಗೆ ರೂಢಿಯಾಯಿತು.

ಒಂದು ದಿನ ಗಿರಾಕಿಗೆ ಸೀರೆ ತೋರಿಸುತ್ತಿದ್ದಾಗಲೇ ಕಾಕುವಿನ ಮಾತು ತೊದಲಿತು. ಸೀರೆಯ ರಾಶಿಗೆ ಒರಗಿದರು. ಡಾಕ್ಟರ್ ಪರೀಕ್ಷಿಸಿ, ರಕ್ತದೊತ್ತಡದ ಗುಳಿಗೆ ಯಾಕೆ ಬಿಟ್ಟಿರಿ, ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಬೈದು ಕಳಿಸಿದರು. ಮನೆಗೆ ಬಂದ ಮೇಲೂ ಕಾಕು ಗುಳಿಗೆ ಮುಟ್ಟಲಿಲ್ಲ. ನಡುವಿನವಳು ಕೂತು ಕಾಡಿದಾಗ ಬಾಯಿಬಿಟ್ಟರು. ಆ ಕೈ ನಾನೇ ಇಟ್ಟದ್ದು, ನಿನ್ನ ಬದಲು ನಾನು ಹೋಗಬೇಕು, ಗುಳಿಗೆ ನುಂಗಿ ತಡಮಾಡಿದರೆ ಸಾವು ನಿನ್ನನ್ನೇ ಕೇಳುತ್ತದೆ ಎಂದರು.

ಮರುದಿನವೇ ನಡುವಿನವಳು ತಲೆಗೆ ಸ್ಕಾರ್ಫ್ ಸುತ್ತಿಕೊಂಡು ನನ್ನಲ್ಲಿಗೆ ಬಂದಳು.

"ಆ ಕೈ ತಗದಬಿಡ್ರಿ ಅಕ್ಕಾರ. ಇಲ್ಲಾಂದ್ರ ಅವ್ವ ಹೋಗ್ತಾಳ. ನಾ ಉಳಿದು ಏನ್ ಮಾಡ್ಲಿ?"

ಅವಳಿನ್ನೂ ಮೆಟ್ಟಿಲಿಳಿದಿರಲಿಲ್ಲ, ಕಾಕುವಿನ ಫೋನು ಬಂತು. "ಆಕಿ ಬಂದಿದ್ಲಲ್ಲ? ತಗೀಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೀನಿ. ನನ್ನ ಕೈ ತಗದ್ರ ಮತ್ತ ಮೂರ ಉಳೀತಾವ."

ನನಗೆ ತಲೆ ಕೆಟ್ಟಿತು. ಇಬ್ಬರ ಮೇಲೂ ಸಿಟ್ಟು, ಗ್ಲಾಸು ಜೋಡಿಸಿ ಜಾಣತನ ತೋರಿಸಿದ ನನ್ನ ಮೇಲೂ ಸಿಟ್ಟು. ಅಳಿಸುವುದು ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆದಷ್ಟು ಸುಲಭ. ಕೈ ಅಳಿಸಿದರೆ ಕಾಕು ಮಗಳ ಚಿಂತೆಯಲ್ಲಿ ಸಾಯುತ್ತಾರೆ. ಇಟ್ಟರೆ ಗುಳಿಗೆ ಬಿಟ್ಟು ಸಾಯುತ್ತಾರೆ. ಕೊಡವನ್ನೋ ಹೂಕುಂಡವನ್ನೋ ಇಟ್ಟರೆ ಈಗ ಅವರು ಒಪ್ಪುವ ಹಾಗಿಲ್ಲ. ಆ ಜಾಗಕ್ಕೆ ಒಂದು ಕೈಯೇ ಬೇಕಾಗಿತ್ತು.

ಬಿಳಿ ಬಟ್ಟೆ ಹಾಸಿ, ಅಟ್ಟದ ಎತ್ತರಕ್ಕೆ ಕ್ಯಾಮೆರಾ ಕಟ್ಟಿ, ಅಂಗೈ ಮೇಲೆ ಮಾಡಿ ನನ್ನ ಎಡಗೈ ಇಟ್ಟೆ. ಹೆಬ್ಬೆರಳಿನ ಬುಡದಲ್ಲಿ ಸ್ಟುಡಿಯೋ ದೀಪ ಸುಟ್ಟ ಹಳೆಯ ಕಲೆ ಇದೆ. ಅದನ್ನು ಅಳಿಸಬಹುದಿತ್ತು, ಅಳಿಸಲಿಲ್ಲ. ಸುಳ್ಳು ಕೈ ಎಂದು ಕಾಕು ತಳ್ಳಿಹಾಕಬಾರದು. ಅಭ್ಯಾಸಬಲದಿಂದ, ಈ ಕೈ ಯಾವುದಕ್ಕೆ ಹೆದರುತ್ತದೆ ಎಂದು ನೋಡಿದೆ. ಕೈ ಸುಮ್ಮನೆ ಬಿದ್ದಿತ್ತು. ಇದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ ಎಂದು ಗೋಡೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿಕೊಂಡೆ. ಆಮೇಲೆ ಕಾಕುವಿನ ಕೈ ತೆಗೆದು ಆ ಸಂದಿಯಲ್ಲಿ ನನ್ನದನ್ನು ಕೂರಿಸಿದೆ. ನೆರಳು ಸರಿಹೊಂದಿಸಿದೆ, ಹುಡುಗಿಯರ ಕೂದಲ ಎಳೆಯೊಂದನ್ನು ಬೆರಳ ಮೇಲೆ ಹಾಯಿಸಿದೆ. ಕೆಲಸ ಚೆನ್ನಾಗಿ ಬಂತು. ಅಷ್ಟು ಚೆನ್ನಾಗಿ ಬಂದದ್ದನ್ನು ನೋಡಿ ನನ್ನ ಎಡಗೈಯನ್ನು ಮಡಿಲಿಗೆ ಎಳೆದುಕೊಂಡೆ.

ಹಳೆಯ ಫೈಲುಗಳನ್ನೆಲ್ಲ ಅಳಿಸಿದೆ. ನಡುವಿನವಳು ಅವ್ವನ ಕಣ್ಣೆದುರೇ ಹಳೆಯ ಪ್ರಿಂಟು ಹರಿದಳು, ಹೊಸದು ಸ್ಟುಡಿಯೋದಲ್ಲಿದೆ ಎಂದಳು. ಕಾಕು ಗೋಡೆ ಹಿಡಿದು ಮೆಟ್ಟಿಲು ಹತ್ತಿ ನನ್ನ ಸ್ಟುಡಿಯೋಗೆ ಬಂದರು. ನಾನು ಪ್ರಿಂಟನ್ನು ಮುಂದಿಟ್ಟೆ.

ಬಹಳ ಹೊತ್ತು ನೋಡಿದರು. ಹಚ್ಚೆ ಇಲ್ಲದ ಮಣಿಕಟ್ಟಿನ ಮೇಲೆ ಬೆರಳಾಡಿಸಿದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಎಡಗೈಯನ್ನು ಹಿಡಿದು ತಿರುವಿದರು. ಸುಟ್ಟ ಕಲೆ ನೋಡಿದರು.

"ಯಾರ್ ಹೇಳಿದ್ರು ನಿಮಗ ಇದನ್ನ ಮಾಡ್ರಿ ಅಂತ?"

"ನನಗ ಇದರಾಗ ನಂಬಿಗಿ ಇಲ್ಲ ಕಾಕೂ. ನಂಬಿಗಿ ಇಲ್ಲದಾಕೀಗೆ ಏನಾಗ್ತದ? ಈಗ ನಡುವ ನೀವೂ ಇಲ್ಲ, ನಿಮ್ಮ ಮಗಳೂ ಇಲ್ಲ. ಗುಳಿಗಿ ತಗೋರಿ."

ಅವರು ಬೈಯಬಹುದು, ಪ್ರಿಂಟನ್ನು ಹರಿಯಬಹುದು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹರಿಯಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಕಾಕು ನನ್ನ ಕೈ ಬಿಡಲಿಲ್ಲ. ಅವರ ಮುಖ ಸಡಿಲವಾಯಿತು, ತುಟಿ ಅದುರಿತು. ಅಲ್ಲಿಯವರೆಗೆ ಎಷ್ಟು ಹುಡುಕಿದರೂ ಸಿಗದ ಹೆದರಿಕೆ ಆಗ ಒಮ್ಮೆಲೇ ಮೇಲೆ ಬಂದಿತು. ಅವರಿಗೆ ಸಾಯಲು ಮನಸ್ಸಿರಲಿಲ್ಲ. ಒಂದು ದಿನಕ್ಕೂ ಇದ್ದಿರಲಿಲ್ಲ.

"ಆಕೀನೂ ಹಿಂಗ ಬಂದು ನಿಂತಿದ್ಲು," ಎಂದರು. "ನನ್ನ ಜಾಗಾದಾಗ."

ಆಮೇಲೆ ಪರ್ಸು ತೆರೆದು, ಮಗಳು ಬಲವಂತವಾಗಿ ಹಾಕಿಟ್ಟಿದ್ದ ಗುಳಿಗೆಯ ಹಾಳೆ ತೆಗೆದು, ಒಂದನ್ನು ಒತ್ತಿ, ನನ್ನ ಬಾಟಲಿಯ ನೀರಿನಿಂದ ನುಂಗಿದರು. ಪ್ರಿಂಟನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದರು. ಗಿರಣಿ ಶುರುವಾಯಿತು. ಮೇಜು ನಡುಗಿತು, ಅದರ ಮೇಲಿದ್ದ ನನ್ನ ಕೈಯೂ ನಡುಗಿತು.

ಈಗ ಕಾಕು ಗಟ್ಟಿಮುಟ್ಟಾಗಿದ್ದಾರೆ. ತಿಜೋರಿಯ ಕೀಲಿ ಅವರ ಸೊಂಟಕ್ಕೆ ಮರಳಿದೆ. ನಡುವಿನವಳ ಕೂದಲು ಕಿವಿಯವರೆಗೆ ಬೆಳೆದಿದೆ. ಫೋಟೋ ಅಂಗಡಿಯಲ್ಲಿ ಗಾದಿಯ ಮೇಲಿನ ಗೋಡೆಯಲ್ಲಿದೆ. ನಡುವಿನ ಕೈ ಯಾರದೆಂದು ಗಿರಾಕಿಗಳು ಕೇಳಿದರೆ, "ನಮ್ಮವರದ," ಎನ್ನುತ್ತಾರೆ.

ನನಗೂ ಏನೂ ಆಗಿಲ್ಲ. ಆದರೆ ರಸ್ತೆ ದಾಟುವಾಗ ಈಗ ಎರಡೆರಡು ಸಲ ನೋಡುತ್ತೇನೆ. ಮೊನ್ನೆ ಭೋರ್‌ನ ಕೆಲಸವೊಂದಕ್ಕೆ ಹೊರಟವಳು, ಘಾಟಿನ ರಸ್ತೆ ನೆನಪಾಗಿ, ಬಸ್ಸು ಹತ್ತದೆ ಸ್ಟ್ಯಾಂಡಿನಿಂದಲೇ ತಿರುಗಿ ಬಂದೆ. ಗಿರಾಕಿಗೆ ಜ್ವರ ಎಂದು ಸುಳ್ಳು ಹೇಳಿದೆ. ಹೇಳಿದ ಮೇಲೆ, ಬೇರೆ ಯಾವುದಾದರೂ ಸುಳ್ಳು ಹೇಳಬಹುದಿತ್ತು ಎನಿಸಿತು.

ದಿನಾ ಮುಂಜಾನೆ ಹಾಲು ಕಾಯುವ ಹೊತ್ತಿಗೆ ಫೋನು ಬರುತ್ತದೆ. "ಆರಾಮ ಇದ್ದೀರಿಲ್ರಿ?" ಎಂದು ಕಾಕು ಕೇಳುತ್ತಾರೆ. "ಆರಾಮ ಇದ್ದೀನ್ರಿ," ಎನ್ನುತ್ತೇನೆ. ಅವರು ಹಿಡಿದಿದ್ದ ಉಸಿರು ಬಿಡುವುದು ಫೋನಿನಲ್ಲಿ ಕೇಳಿಸುತ್ತದೆ. ಊಟಕ್ಕೆ ಕರೆಯುತ್ತಾರೆ, ಶೇಂಗಾ ಹೋಳಿಗೆ ಕಳಿಸುತ್ತೇನೆ ಎನ್ನುತ್ತಾರೆ, ಗಾಡಿ ಸಾವಕಾಶ ಓಡಿಸಿರಿ ಎನ್ನುತ್ತಾರೆ. ಆ ಕೈ ತೆಗೆದುಬಿಡಿ ಎಂದು ಮಾತ್ರ ಇವತ್ತಿನವರೆಗೆ ಒಂದು ಸಲವೂ ಅಂದಿಲ್ಲ.